ಗೊಂಬೆ ನೆಟ್ಟಗೆ ಕೂಡುತ್ತದೆ, ಮಗು ಕೂಡುವುದಿಲ್ಲ

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಜಿಲ್ಲೆಯವರಿಗೆ ಗೊಂಬೆಯ ಪರಿಚಯ ಮಾಡಿಕೊಡಬೇಕಿಲ್ಲ. ಗೋಕಾಕದ ಕಟ್ಟಿಗೆ ಗೊಂಬೆ, ಕಟ್ಟಿಗೆ ಹಣ್ಣು ನಿಮ್ಮಲ್ಲಿ ಬಹಳ ಜನರ ಮನೆಯ ಶೋಕೇಸಿನಲ್ಲಿವೆ. ನೋಡಲಿಕ್ಕೆ ಖರೇ ಹಣ್ಣೇ, ಕೈಗೆತ್ತಿಕೊಂಡರೆ ಹಗುರ. ನಾನು ಇವತ್ತು ಮಾತಾಡಲಿರುವ ಗೊಂಬೆ ಇದರ ಉಲ್ಟಾ. ಅದರ ತೂಕ ಮಗುವಿನಷ್ಟೇ, ಎತ್ತರವೂ ಅಷ್ಟೇ. ಆದರೆ ಮಗು ಬಾಗಿದ ಹಾಗೆ ಅದು ಬಾಗುವುದಿಲ್ಲ.

ಕಾರನ್ನು ಬೇಕಂತಲೇ ಗುದ್ದಿಸಿ ನೋಡುವ ವಿಡಿಯೊ ನೀವೆಲ್ಲ ಮೊಬೈಲಿನಲ್ಲಿ ನೋಡಿರುತ್ತೀರಿ. ನಮ್ಮ ದೇಶದಲ್ಲೂ 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್, ಅಂದರೆ ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಪರೀಕ್ಷೆ, ಜಾರಿಯಲ್ಲಿದೆ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಕಾರು ಹೋಗಿ ಬಡಿಯುತ್ತದೆ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳ ಗೊಂಬೆ ಇರುತ್ತವೆ, ಒಂದು ಒಂದೂವರೆ ವರ್ಷದ್ದು, ಇನ್ನೊಂದು ಮೂರು ವರ್ಷದ್ದು. ಹೆಸರು ಕ್ಯೂ1.5 ಮತ್ತು ಕ್ಯೂ3. ಚಿಕ್ಕದು 11 ಕೆ.ಜಿ., ದೊಡ್ಡದು ಹದಿನಾಲ್ಕೂವರೆ ಕೆ.ಜಿ. ಆಸುಪಾಸು. ಎರಡರ ಮೈಯೊಳಗೂ ಸೆನ್ಸರ್‌ಗಳಿವೆ. ನಾವು ಶೋರೂಮಿನಲ್ಲಿ ಎಣಿಸುವ ಸ್ಟಾರ್‌ಗಳ ಹಿಂದೆ ಈ ಸೆನ್ಸರ್‌ಗಳ ಲೆಕ್ಕವೂ ಇದೆ.

ಗೊಂಬೆ ತಪ್ಪು ಹೇಳಿದರೆ ಸ್ಟಾರೂ ತಪ್ಪು, ಅಲ್ವಾ? ಅದಕ್ಕೇ ಗೊಂಬೆ ಹುಟ್ಟಿದ್ದು ಹೇಗೆ ಅಂತ ನೋಡಬೇಕು.

ಮೊದಲ ಗೊಂಬೆ 1949ರ ಸಿಯೆರಾ ಸ್ಯಾಮ್. ಅದು ದೊಡ್ಡವರ ಗೊಂಬೆ, ಅದೂ ಕಾರಿಗಲ್ಲ, ಅಮೆರಿಕದ ವಾಯುಸೇನೆಯ ವಿಮಾನದ ಸೀಟು ಪರೀಕ್ಷಿಸಲಿಕ್ಕೆ. 1976ರಲ್ಲಿ ಜನರಲ್ ಮೋಟರ್ಸ್‌ನವರ ಹೈಬ್ರಿಡ್ 3 ಬಂತು. ಇಂದಿಗೂ ಬಹಳ ಕಡೆ ಬಳಕೆಯಲ್ಲಿರುವುದು ಆ ಮನೆತನದ್ದೇ. ದೊಡ್ಡವರ ಗೊಂಬೆಗೆ ಮಾಹಿತಿ ಸಿಕ್ಕಿದ್ದು ದೇಹದಾನ ಮಾಡಿದವರಿಂದ, ಮತ್ತೆ ತಾವೇ ಮುಂದೆ ಬಂದು ಸೀಟಿನಲ್ಲಿ ಕೂತವರಿಂದ. ಮಕ್ಕಳ ವಿಷಯದಲ್ಲಿ ಇದು ಆಗುವ ಮಾತಲ್ಲ. ಮಗು ಕಳೆದುಕೊಂಡ ತಂದೆತಾಯಿಯ ಮುಂದೆ ಹೋಗಿ ಯಾವ ಬಾಯಿಂದ ಕೇಳುತ್ತೀರಿ? ಹಾಗಾಗಿ ಹೆಚ್ಚಾಗಿ ದೊಡ್ಡವರ ಅಂಕಿಗಳನ್ನೇ ಇಳಿಸಿ ಮಕ್ಕಳ ಗೊಂಬೆ ಮಾಡಿದರು. ಅಪ್ಪನ ಅಳತೆಯನ್ನು ಅರ್ಧ ಮಾಡಿ ಮಗನಿಗೆ ಅಂಗಿ ಹೊಲಿದ ಹಾಗೆ. ನಮ್ಮ ಓಣಿಯ ಟೇಲರ್ ಕೂಡ ಹಾಗೆ ಮಾಡುವುದಿಲ್ಲ!

ಯಾಕಂದರೆ ಮಗುವಿನ ಮೈಕಟ್ಟೇ ಬೇರೆ. ಹುಟ್ಟಿದ ಕೂಸಿನ ಉದ್ದದಲ್ಲಿ ಕಾಲು ಭಾಗ ಬರೀ ತಲೆ. ನಮ್ಮದು ಏಳರಲ್ಲೋ ಎಂಟರಲ್ಲೋ ಒಂದು ಭಾಗ. ಅಷ್ಟು ಭಾರದ ತಲೆ ಹೊತ್ತ ಕುತ್ತಿಗೆಯಲ್ಲಿ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ, ಅರ್ಧ ಎಲುಬು, ಅರ್ಧ ಮೃದ್ವಸ್ಥಿ. ಸೊಂಟದ ಮುಂದೆ ಬೆಲ್ಟ್ ಹಿಡಿದು ನಿಲ್ಲಿಸುವ ಮೂಳೆಯ ಏಣು ಸರಿಯಾಗಿ ಬೆಳೆಯಲಿಕ್ಕೆ ಹತ್ತು ವರ್ಷ ಹಿಡಿಯುತ್ತದೆ. ಅದಿಲ್ಲದಿದ್ದರೆ ಬೆಲ್ಟ್ ಜಾರಿ ಹೊಟ್ಟೆಯ ಮೇಲೆ ಏರುತ್ತದೆ. ಒಳಗೆ ಕರುಳು ಇದೆ, ಹಿಂದೆ ಬೆನ್ನುಮೂಳೆ ಇದೆ. ಮುಂದಿನದು ನಿಮಗೇ ಗೊತ್ತಾಗುತ್ತದೆ.

ಹಾಗಾದರೆ ಜೀವಂತ ಮಗುವಿನ ಚಲನೆ ಅಳೆಯುವುದು ಹೇಗೆ? ಅಮೆರಿಕದ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯ ಸಂಶೋಧಕರು ಇದಕ್ಕೆ ಒಂದು ದಾರಿ ಹುಡುಕಿದರು. ನನಗೆ ಬಹಳ ಹಿಡಿಸಿದ್ದು ಇದೇ. ಜಾತ್ರೆಯಲ್ಲಿ, ಎಕ್ಸಿಬಿಷನ್‌ನಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆಯುವ ಪುಟ್ಟ ಕಾರುಗಳಿರುತ್ತವಲ್ಲ? ಮಕ್ಕಳು ರೊಕ್ಕ ಕೊಟ್ಟು, ನಗುನಗುತ್ತಾ ಗುದ್ದಿಸಿಕೊಳ್ಳುತ್ತಾರೆ. ಆ ಡಿಕ್ಕಿಯ ಏಟು ಎಷ್ಟು ಅಂತ ಅಳೆದು, ಅದನ್ನೇ ಮಿತಿ ಮಾಡಿಕೊಂಡು, ಹಳಿಯ ಮೇಲೆ ಓಡುವ ಸೀಟು ತಯಾರಿಸಿದರು. 6ರಿಂದ 14 ವರ್ಷದ ಹುಡುಗರನ್ನೂ ದೊಡ್ಡ ಗಂಡಸರನ್ನೂ ಬೆಲ್ಟ್ ಹಾಕಿ ಕೂಡಿಸಿದರು. ತಲೆ, ಕುತ್ತಿಗೆ, ಬೆನ್ನಿನ ಮೇಲೆ ಬೆಳಕಿಗೆ ಹೊಳೆಯುವ ಸಣ್ಣ ಗುಂಡಿಗಳನ್ನು ಅಂಟಿಸಿ ಕ್ಯಾಮೆರಾದಲ್ಲಿ ಹಿಡಿದರು.

2009ರಲ್ಲಿ ಫಲಿತಾಂಶ ಪ್ರಕಟವಾಯಿತು. ವಯಸ್ಸು ಚಿಕ್ಕದಾದಷ್ಟೂ ತಲೆ ಜಾಸ್ತಿ ತಿರುಗಿ ಬಾಗುತ್ತದೆ, ಮೈಯಳತೆಗೆ ಹೋಲಿಸಿದರೆ ಜಾಸ್ತಿ ಮುಂದಕ್ಕೂ ಹೋಗುತ್ತದೆ. ಆರು ವರ್ಷದ ಗೊಂಬೆಯ ಎದೆ ಮಟ್ಟದ ಬೆನ್ನೋ, ಗಡಸು ಲೋಹದ ಕಂಬ. ಮಗುವಿನ ಬೆನ್ನು ಹಸಿ ಬರಲಿನ ಹಾಗೆ ಬಳುಕುತ್ತದೆ. ಗೊಂಬೆಯ ಬೆನ್ನು ಬಳುಕದ್ದಕ್ಕೆ ಬಾಗುವ ಕೆಲಸವೆಲ್ಲ ಕುತ್ತಿಗೆಯ ಪಾಲಿಗೆ ಬರುತ್ತದೆ. ಸೆನ್ಸರ್ ಕುತ್ತಿಗೆಗೆ ಇಲ್ಲದ ಹೊರೆ ತೋರಿಸುತ್ತದೆ. ಇತ್ತ ತಲೆ ಎಲ್ಲಿಗೆ ಹೋಗಿ ಬಡಿಯುತ್ತದೆ ಅನ್ನುವ ಲೆಕ್ಕವೂ ತಪ್ಪುತ್ತದೆ. ಮುಂದಿನ ಸೀಟಿಗೂ ಮಗುವಿನ ಹಣೆಗೂ ನಡುವೆ ಇರುವುದು ಕೆಲವೇ ಇಂಚು. ಆಮೇಲೆ ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯವರು ಹತ್ತು ವರ್ಷದ ಮಗುವಿನ ಅಳತೆಯಲ್ಲಿ, ಬೆನ್ನು ಬಾಗುವ ಹೊಸ ಗೊಂಬೆಯೊಂದನ್ನು ರೂಪಿಸಿದರು.

ಇದೆಲ್ಲ ಓದಿದ ಮೇಲೂ ನನಗೆ ವಿಷಯ ತಲೆಗೆ ಹತ್ತಿದ್ದು ಸವದತ್ತಿ ದಾರಿಯಲ್ಲಿ. ಅಕ್ಕನ ಮಗ, ಏಳು ವರ್ಷ, ಹಿಂದಿನ ಸೀಟಿನಲ್ಲಿದ್ದ. ಮನೆ ಬಿಡುವಾಗ ನಾನೇ ನೆಟ್ಟಗೆ ಕೂಡಿಸಿ ಬೆಲ್ಟ್ ಹಾಕಿದ್ದೆ. ಸೀಟು ಅವನ ತೊಡೆಗಿಂತ ಉದ್ದ. ಮೊಣಕಾಲು ಮಡಿಸಲಿಕ್ಕೆ ಸೀಟಿನ ಅಂಚು ಸಿಗಲಿಲ್ಲ. ಕಾಲು ಎರಡು ಕೋಲಿನ ಹಾಗೆ ಮುಂದೆ ಚಾಚಿದ್ದವು. ಸ್ವಲ್ಪ ಹೊತ್ತಿಗೆ ಸರಕ್ಕನೆ ಮುಂದೆ ಜಾರಿದ. ಮೊಣಕಾಲು ಮಡಿಸಿದ್ದಕ್ಕೆ ಅವನಿಗೆ ಆರಾಮಾಯಿತು, ಆದರೆ ಸೊಂಟದ ಬೆಲ್ಟ್ ಹೊಟ್ಟೆಗೆ ಏರಿತು. "ಮಾಮಾ, ಬೆಲ್ಟ್ ಕುತ್ತಿಗಿಗೆ ಚುಚ್ಚಾಕತ್ತೈತಿ" ಅಂದ. "ಸುಮ್ನ ಕುಂದ್ರೊ" ಅಂದಳು ಅಕ್ಕ. ಅವನು ಸುಮ್ಮನೇನೋ ಕೂತ. ಬೈಲಹೊಂಗಲ ದಾಟುವಷ್ಟರಲ್ಲಿ ನೋಡಿದರೆ ಹೆಗಲ ಬೆಲ್ಟು ಕಂಕುಳ ಕೆಳಗೆ, ತಲೆ ಬಾಗಿಲ ಗಾಜಿಗೆ, ನಿದ್ದೆ.

ಯಾವ ಗೊಂಬೆಯೂ ಪರೀಕ್ಷೆಯಲ್ಲಿ ಹೀಗೆ ಮಲಗುವುದಿಲ್ಲ. ಅದಕ್ಕೇ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದವರು ಮತ್ತು ಅದೇ ಫಿಲಡೆಲ್ಫಿಯಾದವರು ಸೇರಿ, ವಿಡಿಯೊ ಗೇಮಿಗೆ ಬಳಸುವ ಕಿನೆಕ್ಟ್ ಕ್ಯಾಮೆರಾವನ್ನು ಕಾರಿನಲ್ಲಿಟ್ಟು, ಮನೆಮಂದಿ ದಿನನಿತ್ಯ ಓಡಾಡುವಾಗ ಮಕ್ಕಳ ತಲೆ ಎಲ್ಲೆಲ್ಲಿ ವಾಲುತ್ತದೆ ಅಂತ ಗಮನಿಸಿದರು. ನಮ್ಮ ಕಡೆ ಇದನ್ನು ಮಾಡಿದರೆ ಕ್ಯಾಮೆರಾಕ್ಕೆ ಏನು ಕಾಣಬಹುದು, ನೀವೇ ಊಹಿಸಿ. ನಿಂತ ಮಗು, ಮುಂದಿನ ಎರಡು ಸೀಟಿನ ನಡುವೆ ತೂರಿದ ಮಗು, ಅಜ್ಜಿಯ ತೊಡೆಯ ಮೇಲಿನ ಕೂಸು.

ತೊಡೆಯ ಮಾತು ಬಂತು, ಒಂದು ಲೆಕ್ಕ ಹೇಳಿಬಿಡುತ್ತೇನೆ. ಗಂಟೆಗೆ 50 ಕಿ.ಮೀ. ವೇಗದಲ್ಲಿದ್ದ ಕಾರು ಒಂದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 10 ಕೆ.ಜಿ. ಕೂಸನ್ನು ಹಿಡಿದಿಡಲು 140 ಕೆ.ಜಿ. ಎತ್ತುವಷ್ಟು ಬಲ ಬೇಕು. ಸುಮಾರು ಒಂದೂವರೆ ಕ್ವಿಂಟಲ್ ಜೋಳ. ಅಜ್ಜಿಯ ಪ್ರೀತಿ ದೊಡ್ಡದು, ರಟ್ಟೆಯಲ್ಲಿ ಅಷ್ಟು ಬಲ ಇಲ್ಲ. 14 ವರ್ಷದೊಳಗಿನ ಮಗುವಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೆ 2019ರ ತಿದ್ದುಪಡಿ ಕಾಯ್ದೆ ಪ್ರಕಾರ ಸಾವಿರ ರೂಪಾಯಿ ದಂಡ. ಕಟ್ಟಿದವರನ್ನು ನಾನಂತೂ ಇನ್ನೂ ಭೇಟಿಯಾಗಿಲ್ಲ.

ಹೊರಗೆ ಬೇವಿನ ಮರದ ಕೆಳಗೆ ನನ್ನ ಕಾರು ನಿಂತಿದೆ, ಒಳಗೆ ಅಳಿಯನ ಬೂಸ್ಟರ್ ಸೀಟೂ ಇದೆ, ಅಂದರೆ ಮಗುವನ್ನು ಎತ್ತರಕ್ಕೆ ಏರಿಸಿ ಕೂಡಿಸುವ ಸೀಟು. ಚಹಾ ಕುಡಿದ ಮೇಲೆ ನಿಮ್ಮ ಮಕ್ಕಳನ್ನು ಕರೆದುಕೊಂಡು ಬನ್ನಿ. ಮೊದಲು ಬೂಸ್ಟರ್ ಇಲ್ಲದೆ ಕೂಡಿಸೋಣ, ಆಮೇಲೆ ಅದರ ಮೇಲೆ. ನೀವು ಮೊಣಕಾಲು ಎಲ್ಲಿ ಮಡಿಯುತ್ತದೆ, ಬೆಲ್ಟ್ ಎಲ್ಲಿ ಬೀಳುತ್ತದೆ, ಅಷ್ಟೇ ನೋಡಿ. ನೆಟ್ಟಗೆ ಕೂಡು ಅಂತ ಮಾತ್ರ ಅವರಿಗೆ ಹೇಳಬೇಡಿ.