ಬೆಳಗಿನ ಐದು ನಿಮಿಷಕ್ಕೆ ಒಂದು ಲೋಟ ಹಸಿರು

ಕೇಳುಗರೆಲ್ಲರಿಗೂ ನಮಸ್ಕಾರ.

ಹಸಿರು ಸ್ಮೂಥಿ ಅಂದ ಕೂಡಲೇ ಎಷ್ಟೋ ಜನ ಮುಖ ಸಿಂಡರಿಸುತ್ತಾರೆ. ಹಸಿ ಸೊಪ್ಪನ್ನು ಅರೆದು ಕುಡಿಯೋದಾ ಅಂತ ಕೇಳುತ್ತಾರೆ. ಅವರ ಅನುಮಾನ ಸುಳ್ಳೇನಲ್ಲ. ಹೇಗೆ ಹೇಗೋ ಮಾಡಿದರೆ ಅದು ಹುಲ್ಲು ಅರೆದ ನೀರಿನ ಹಾಗೇ ಇರುತ್ತದೆ. ಸರಿಯಾಗಿ ಮಾಡಿದರೆ ನಾಲಿಗೆಗೆ ಸಿಗುವುದು ಹಣ್ಣಿನ ರುಚಿ. ಸೊಪ್ಪು ಇದೆ ಅಂತ ಗೊತ್ತಾಗುವುದು ಕಣ್ಣಿಗೆ ಮಾತ್ರ. ಹೀಗಾಗುವುದಕ್ಕೆ ಗಮನ ಕೊಡಬೇಕಾದ್ದು ಕೆಲವೇ ಸಣ್ಣ ಸಂಗತಿಗಳಿಗೆ. ಇವತ್ತು ಅವುಗಳ ಬಗ್ಗೆಯೇ ಮಾತಾಡೋಣ.

ನಾನು ಇದನ್ನು ಶುರು ಮಾಡಿದ್ದು ಬೆಳಗಿನ ಅವಸರ ತಡೆಯಲಾರದೆ. ಬರೀ ಕಾಫಿ ಕುಡಿದು ಮನೆ ಬಿಡುತ್ತಿದ್ದೆ. ಹನ್ನೊಂದು ಗಂಟೆ ಹೊತ್ತಿಗೆ ಹೊಟ್ಟೆ ಚುರುಗುಟ್ಟುತ್ತಿತ್ತು. ಕೈಗೆ ಸಿಕ್ಕ ಬಿಸ್ಕತ್ತು ತಿಂದು ಸುಮ್ಮನಾಗುತ್ತಿದ್ದೆ. ಮಧ್ಯಾಹ್ನ ಊಟಕ್ಕೆ ಕೂತಾಗ ಹಸಿವು ಸತ್ತಿರುತ್ತಿತ್ತು. ನಿಮ್ಮಲ್ಲೂ ಹೀಗೆ ದಿನ ದೂಡುವವರು ಇದ್ದೀರಿ, ಅಲ್ವಾ? ಅಂಥವರಿಗಾಗಿಯೇ ಈ ಮಾತು.

ರೇಡಿಯೋ ಕೇಳುತ್ತಾ ಪೆನ್ನು ಕಾಗದ ಹುಡುಕುವುದು ಬೇಡ. ಅಳತೆ ಎಲ್ಲ ನಿಮ್ಮ ಕೈಯಲ್ಲೇ ಇದೆ. ಒಬ್ಬರಿಗೆ ಒಂದು ಹಿಡಿ ಪಾಲಕ್ ಸೊಪ್ಪು. ಚೆನ್ನಾಗಿ ಹಣ್ಣಾದ ಒಂದು ಬಾಳೆಹಣ್ಣು. ಅರ್ಧ ಸೇಬು, ಅಥವಾ ಅಷ್ಟೇ ಪ್ರಮಾಣದ ಮಾವೋ ಪೇರಳೆಯೋ ಆದೀತು. ಒಂದು ಲೋಟ ನೀರು, ಇಲ್ಲವೇ ಅರ್ಧ ನೀರು ಅರ್ಧ ಮೊಸರು. ನಾಲ್ಕೈದು ಬಾದಾಮಿ ಅಥವಾ ಒಂದು ಚಮಚ ಅಗಸೆ ಬೀಜ. ಕೊನೆಗೆ ಒಂದಿಷ್ಟು ನಿಂಬೆರಸ. ಇಷ್ಟೇ.

ಇದರಲ್ಲಿ ದೊಡ್ಡ ಕೆಲಸ ಮಾಡುವುದು ಬಾಳೆಹಣ್ಣು. ಸಿಹಿ ಕೊಡುವುದು ಅದೇ, ದಪ್ಪ ಕೊಡುವುದೂ ಅದೇ. ಸೊಪ್ಪಿನ ಹಸಿ ವಾಸನೆಯನ್ನು ಮುಚ್ಚುವುದೂ ಅದೇ. ಸಿಪ್ಪೆಯ ಮೇಲೆ ಕಂದು ಚುಕ್ಕಿ ಬಿದ್ದ ಹಣ್ಣು ಬೇಕು. ಕಾಯಿ ಮಾಗುತ್ತಾ ಅದರೊಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಹಾಗಾಗಿ ಚುಕ್ಕಿ ಬಿದ್ದ ಹಣ್ಣು ಹಾಕಿದರೆ ಬೇರೆ ಸಕ್ಕರೆ, ಜೇನು ಯಾವುದೂ ಬೇಕಾಗುವುದಿಲ್ಲ. ಹಸಿರು ಸಿಪ್ಪೆಯ ಹಣ್ಣು ಹಾಕಿದರೆ ಬಾಯಿ ಒಗರಾಗುತ್ತದೆ.

ಸೊಪ್ಪು ಯಾವುದು ಅಂತ ಕೇಳಿದರೆ ಮೊದಲ ಸಲಕ್ಕೆ ಪಾಲಕ್ ಅಂತಲೇ ಹೇಳುತ್ತೇನೆ. ಎಳೆಯದಾದರೆ ಅದಕ್ಕೆ ಜಾಸ್ತಿ ರುಚಿಯೇ ಇಲ್ಲ. ನೂರು ಗ್ರಾಂ ಪಾಲಕ್‌ನಲ್ಲಿ ಸುಮಾರು 91 ಗ್ರಾಂ ನೀರೇ ಇರುತ್ತದೆ, ಶಕ್ತಿ ಬರೀ 23 ಕ್ಯಾಲೊರಿ. ಆದರೆ ಉಳಿದ ಆ ಚೂರಿನಲ್ಲಿ ಎಷ್ಟೊಂದು ತುಂಬಿಕೊಂಡಿದೆ! ರಕ್ತ ಹೆಪ್ಪುಗಟ್ಟುವುದಕ್ಕೆ ಬೇಕಾದ ಕೆ ಜೀವಸತ್ವ ಒಂದು ಹಿಡಿ ಸೊಪ್ಪಿನಲ್ಲೇ ಒಂದು ದಿನಕ್ಕೆ ಸಾಕಾಗುವಷ್ಟು ಇದೆ. ಫೋಲೇಟ್ ಅಂತ ಇನ್ನೊಂದು ಜೀವಸತ್ವವೂ ಉಂಟು, ಹೊಸ ಜೀವಕೋಶ ಹುಟ್ಟಲು ಬೇಕೇ ಬೇಕಾದದ್ದು. 1941ರಲ್ಲಿ ವಿಜ್ಞಾನಿಗಳು ಅದನ್ನು ಬೇರ್ಪಡಿಸಿದ್ದು ಟನ್‌ಗಟ್ಟಲೆ ಪಾಲಕ್ ಸೊಪ್ಪಿನಿಂದ. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಅಂದರೆ ಎಲೆ. ಆ ಜೀವಸತ್ವಕ್ಕೆ ಹೆಸರು ಬಂದದ್ದೂ ಎಲೆಯಿಂದಲೇ. ಹಸಿಯಾಗಿ ಹಾಕುವುದರಲ್ಲಿ ಲಾಭ ಇದೆ. ಫೋಲೇಟ್ ಮತ್ತು ಸಿ ಜೀವಸತ್ವ ಎರಡೂ ಬೇಯಿಸಿದ ನೀರಿನ ಜೊತೆ ಹರಿದು ಹೋಗುವಂಥವು.

ಬಾದಾಮಿ ಯಾಕೆ ಅಂತ ಕೆಲವರು ಕೇಳುತ್ತಾರೆ. ಕೆ ಜೀವಸತ್ವ, ಕ್ಯಾರೋಟಿನ್, ಕಣ್ಣಿಗೆ ಬೇಕಾದ ಲ್ಯೂಟಿನ್, ಇವೆಲ್ಲ ಕೊಬ್ಬಿನಲ್ಲಿ ಕರಗುವಂಥವು. ಒಂದು ಚೂರೂ ಕೊಬ್ಬಿಲ್ಲದೆ ಕುಡಿದರೆ ಮೈಗೆ ಹತ್ತುವುದು ಕಡಿಮೆ. ನಾಲ್ಕೈದು ಬಾದಾಮಿಯೋ ಕೆನೆ ಇರುವ ಮೊಸರೋ ಆ ಕೊರತೆ ತುಂಬುತ್ತದೆ. ಸ್ವೀಡನ್‌ನ ಲಿಂಕೋಪಿಂಗ್ ವಿಶ್ವವಿದ್ಯಾಲಯದವರು ಪಾಲಕ್‌ನಲ್ಲಿರುವ ಲ್ಯೂಟಿನ್ ಬಗ್ಗೆ ಪರೀಕ್ಷೆ ಮಾಡಿ ನೋಡಿದ್ದಾರೆ. ಬೇಯಿಸುತ್ತಾ ಹೋದ ಹಾಗೆ ಲ್ಯೂಟಿನ್ ಕಡಿಮೆಯಾಯಿತು. ಹಸಿ ಸೊಪ್ಪನ್ನು ಹಾಲು, ಮೊಸರಿನಂಥ ಕೊಬ್ಬಿನ ಜೊತೆ ಅರೆದಾಗ ಹೆಚ್ಚು ಸಿಕ್ಕಿತು. ನಿಂಬೆರಸಕ್ಕೂ ಒಂದು ಕಾರಣ ಇದೆ. ಸೊಪ್ಪಿನ ಕಬ್ಬಿಣಾಂಶ ಸುಲಭವಾಗಿ ಮೈಗೆ ಸೇರುವುದಿಲ್ಲ, ಹುಳಿ ಹಣ್ಣಿನ ಸಿ ಜೀವಸತ್ವ ಅದಕ್ಕೆ ಸಹಾಯ ಮಾಡುತ್ತದೆ.

ಈಗ ಮಿಕ್ಸಿಯ ಮಾತು. ತುಂಬ ಜನ ಎಡವುವುದು ಇಲ್ಲೇ. ಎಲ್ಲವನ್ನೂ ಒಟ್ಟಿಗೆ ಜಾರಿಗೆ ಸುರಿದು ಗರ್ರ್ ಅನ್ನಿಸುತ್ತಾರೆ. ಬ್ಲೇಡ್ ಸುತ್ತ ಗಾಳಿ ತುಂಬಿಕೊಂಡು ಅದು ಸುಮ್ನೆ ತಿರುಗುತ್ತದೆ. ಸೊಪ್ಪು ಮೇಲೆ ಜಾರಿನ ಗೋಡೆಗೆ ಅಂಟಿ ಕೂತಿರುತ್ತದೆ. ಆಮೇಲೆ ಲೋಟದಲ್ಲಿ ಎಲೆಯ ಚೂರು, ಹಲ್ಲಿನ ಸಂದಿಯಲ್ಲಿ ನಾರು. ಸ್ಮೂಥಿ ಸೇರುವುದಿಲ್ಲ ಅನ್ನುವವರಲ್ಲಿ ಹೆಚ್ಚಿನವರು ಕುಡಿದದ್ದು ಇಂಥದ್ದನ್ನೇ ಅಂತ ನನಗೆ ಅನಿಸುತ್ತದೆ.

ಮೊದಲು ನೀರು, ನೀರಿನ ಮೇಲೆ ಸೊಪ್ಪು, ಜೊತೆಗೆ ಬಾದಾಮಿ. ಇಷ್ಟನ್ನೇ ಅರ್ಧ ನಿಮಿಷ ತಿರುಗಿಸಿ. ನಿಲ್ಲಿಸಿ ಮುಚ್ಚಳ ತೆಗೆದು ನೋಡಿ. ಒಂದೂ ಎಲೆ ಕಾಣದೆ ಇಡೀ ನೀರು ಗಿಳಿ ಹಸಿರಾಗಿರಬೇಕು. ಚೂರು ಕಂಡರೆ ಗೋಡೆಗೆ ಅಂಟಿದ್ದನ್ನು ಚಮಚದಲ್ಲಿ ಕೆಳಗೆ ತಳ್ಳಿ ಇನ್ನೊಂದು ಸುತ್ತು. ಆಮೇಲೆ ಹಣ್ಣು ಹಾಕಿ. ಇನ್ನರ್ಧ ನಿಮಿಷ ತಿರುಗಿಸಿದರೆ ಸಾಕು. ಈಗ ಶಬ್ದವನ್ನು ಕೇಳಿಸಿಕೊಳ್ಳಿ. ಶುರುವಿನಲ್ಲಿ ಕಟಕಟ ಅನ್ನುತ್ತಿದ್ದ ಜಾರು ಒಂದೇ ಸಮನೆ ಗುಂಯ್ ಅನ್ನತೊಡಗಿದರೆ ಆಯಿತು ಅಂತ ಅರ್ಥ. ಜಾರಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬೇಡಿ, ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ಸ್ವಿಚ್ ಹಾಕಿ.

ಅಂದಹಾಗೆ, ಜಾರಿನ ತಳದಲ್ಲಿ ತಿರುಗುವ ಬ್ಲೇಡ್ ಇಟ್ಟಿದ್ದು 1922ರಲ್ಲಿ, ಅಮೆರಿಕದ ಸ್ಟೀಫನ್ ಪೊಪ್ಲಾವ್ಸ್ಕಿ ಎನ್ನುವವರು. ಅವರಿಗೆ ಬೇಕಿದ್ದುದು ಮಾಲ್ಟ್ ಹಾಕಿದ ಹಾಲು ಕಲೆಸುವ ಯಂತ್ರ. ಅಂದರೆ ಈ ಯಂತ್ರದ ಹುಟ್ಟೇ ದ್ರವಕ್ಕಾಗಿ. ನೀರು ಮೊದಲು ಅನ್ನುವ ನಿಯಮ ಅಲ್ಲಿಂದಲೇ ಬಂತು ಅಂತ ನೆನಪಿಟ್ಟುಕೊಂಡರೆ ಮರೆಯುವುದಿಲ್ಲ.

ಇಷ್ಟಾದರೂ ಬೆಳಿಗ್ಗೆ ಸೊಪ್ಪು ತೊಳೆದು, ಹಣ್ಣು ಹೆಚ್ಚಿ ಮಾಡಲು ಹೊರಟರೆ ಐದು ನಿಮಿಷದಲ್ಲಿ ಮುಗಿಯುವುದಿಲ್ಲ. ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ. ಮೂರು ದಿನ ಹುರುಪಿನಲ್ಲಿ ಮಾಡಿ ನಾಲ್ಕನೇ ದಿನ ಬಿಡುತ್ತೀರಿ. ಬೆಳಿಗ್ಗೆ ಬೇಗ ಆಗಬೇಕಾದರೆ ಕೆಲಸ ಹಿಂದಿನ ರಾತ್ರಿಯೇ ಮುಗಿದಿರಬೇಕು. ವಾರಕ್ಕೊಂದು ರಾತ್ರಿ ಸಾಕು.

ಸೊಪ್ಪನ್ನು ಅಗಲವಾದ ಪಾತ್ರೆಯ ತುಂಬ ನೀರಿಗೆ ಹಾಕಿ ಕೈಯಲ್ಲಿ ಆಡಿಸಿ. ಎರಡು ನಿಮಿಷ ಬಿಟ್ಟು ಸೊಪ್ಪನ್ನು ಮೇಲಕ್ಕೆ ಎತ್ತಿಕೊಳ್ಳಿ. ನೀರನ್ನು ಸೊಪ್ಪಿನ ಸಮೇತ ಬಗ್ಗಿಸಬೇಡಿ. ಬಗ್ಗಿಸಿದರೆ ತಳದಲ್ಲಿ ಕೂತ ಮಣ್ಣು ಮತ್ತೆ ಸೊಪ್ಪಿಗೇ ಮೆತ್ತಿಕೊಳ್ಳುತ್ತದೆ. ಪಾತ್ರೆಯ ತಳಕ್ಕೆ ಬೆರಳಿಟ್ಟು ನೋಡಿ, ನರನರ ಅಂದರೆ ಇನ್ನೊಮ್ಮೆ ತೊಳೆಯಿರಿ. ನಾವು ಬೇಯಿಸದೆ ಕುಡಿಯುತ್ತಿದ್ದೇವೆ, ಹಾಗಾಗಿ ಇಲ್ಲಿ ಅವಸರ ಬೇಡ. ಕೊನೆಗೆ ಹರಿಯುವ ನೀರಿನಲ್ಲಿ ಒಮ್ಮೆ ಹಿಡಿದು, ಬಟ್ಟೆಯ ಮೇಲೆ ಹರಡಿ ಆರಿಸಿ.

ಬಾಳೆಹಣ್ಣನ್ನು ಸಿಪ್ಪೆ ಸುಲಿದೇ ಫ್ರೀಜರಿಗೆ ಹಾಕಬೇಕು. ಸಿಪ್ಪೆ ಸಮೇತ ಇಟ್ಟರೆ ಅದು ಕಪ್ಪಾಗಿ ಕಲ್ಲಿನ ಹಾಗಾಗುತ್ತದೆ, ಬೆಳಿಗ್ಗೆ ಸುಲಿಯುವುದೇ ಒಂದು ಸಾಹಸ. ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು ಗಟ್ಟಿ ಮಾಡಿ. ಆಮೇಲೆ ಡಬ್ಬಿಗೆ ತುಂಬಿದರೆ ಮುದ್ದೆಗಟ್ಟುವುದಿಲ್ಲ. ಹೆಪ್ಪುಗಟ್ಟಿದ ಬಾಳೆಹಣ್ಣು ಹಾಕಿದರೆ ಐಸ್ ಬೇಕಿಲ್ಲ, ಸ್ಮೂಥಿ ಐಸ್‌ಕ್ರೀಮಿನ ಹಾಗೆ ನುಣ್ಣಗಾಗುತ್ತದೆ. ಸೊಪ್ಪು, ಸೇಬು, ಬಾಳೆಯ ಬಿಲ್ಲೆ ಒಂದು ಹೊತ್ತಿಗೆ ಬೇಕಾದಷ್ಟು ಒಂದೊಂದು ಡಬ್ಬಿಗೆ ಹಾಕಿ ಫ್ರೀಜರಿನಲ್ಲಿ ಇಟ್ಟುಬಿಡಿ. ಹೆಪ್ಪುಗಟ್ಟಿದ ಸೊಪ್ಪು ಆಮೇಲೆ ಬಾಡಿದ ಹಾಗೆ ಕಾಣುತ್ತದೆ, ಹೇಗೂ ಅರೆಯುವುದು ತಾನೇ, ಚಿಂತೆ ಇಲ್ಲ. ಬೆಳಿಗ್ಗೆ ನೀರು, ಡಬ್ಬಿಯ ಸೊಪ್ಪು, ಆಮೇಲೆ ಹಣ್ಣು, ಸ್ವಿಚ್. ಐದು ನಿಮಿಷ ಅಂದಿದ್ದು ಇದನ್ನೇ.

ನನಗೆ ಪಾಠ ಕಲಿಸಿದ ಒಂದು ಬೆಳಗಿನ ಕಥೆ ಹೇಳಬೇಕು. ಒಂದು ದಿನ ರುಚಿ ಬದಲಾಗಲಿ ಅಂತ ಅನಾನಸ್ ಹಾಕಿದೆ. ತಾಜಾ ಹಣ್ಣು, ಜೊತೆಗೆ ಹಾಲು. ಮಾಡಿದ ಕೂಡಲೇ ಒಂದು ಗುಟುಕು ಕುಡಿದೆ, ಬಹಳ ಚೆನ್ನಾಗಿತ್ತು. ಮಗಳ ಲೋಟ ತುಂಬಿ ಮುಚ್ಚಿಟ್ಟು ಸ್ನಾನಕ್ಕೆ ಹೋದೆ. ಅರ್ಧ ಗಂಟೆ ಬಿಟ್ಟು ಅವಳು ಬಾಯಿಗಿಟ್ಟು ಥೂ ಅಂದಳು. ನಾನೂ ನೋಡಿದೆ, ಹಾಗಲಕಾಯಿಯ ಹಾಗೆ ಕಹಿ! ಹಾಲು ಕೆಟ್ಟಿದೆ ಅಂದುಕೊಂಡು ಎಲ್ಲ ಚೆಲ್ಲಿದೆ. ಹಾಲು ಚೆನ್ನಾಗೇ ಇತ್ತು. ಅನಾನಸ್‌ನಲ್ಲಿ ಬ್ರೊಮೆಲಿನ್ ಅನ್ನುವ ಕಿಣ್ವ ಇರುತ್ತದೆ. ಅದು ಹಾಲಿನ ಪ್ರೋಟೀನನ್ನು ಚೂರುಚೂರಾಗಿ ಕತ್ತರಿಸುತ್ತದೆ, ಆ ಚೂರುಗಳೇ ಕಹಿ. ಕಿವಿ ಹಣ್ಣಿನಲ್ಲೂ ಪರಂಗಿಯಲ್ಲೂ ಇಂಥವೇ ಕಿಣ್ವಗಳಿವೆ. ಈ ಮೂರು ಹಣ್ಣು ಹಾಕುವ ದಿನ ಹಾಲು ಮೊಸರು ಬಿಟ್ಟು ನೀರೇ ಹಾಕಿ. ಇಲ್ಲ, ಮಾಡಿದ ತಕ್ಷಣ ಕುಡಿದುಬಿಡಿ. ಹೆಪ್ಪುಗಟ್ಟಿಸಿದರೂ ಆ ಕಿಣ್ವ ಸಾಯುವುದಿಲ್ಲ, ಬಿಸಿಗೆ ಮಾತ್ರ ಸಾಯುತ್ತದೆ.

ಬಣ್ಣದ ಬಗ್ಗೆಯೂ ಒಂದು ಮಾತು. ಸೊಪ್ಪಿನ ಜೊತೆ ದಾಳಿಂಬೆ, ಸ್ಟ್ರಾಬೆರಿಯಂಥ ಕೆಂಪು ಹಣ್ಣು ಹಾಕಬೇಡಿ. ರುಚಿಗೆ ತೊಂದರೆ ಇಲ್ಲ, ಆದರೆ ಹಸಿರೂ ಕೆಂಪೂ ಸೇರಿ ಕೆಸರಿನ ಬಣ್ಣ ಆಗುತ್ತದೆ. ಮಕ್ಕಳು ಅದನ್ನು ಮುಟ್ಟುವುದೂ ಇಲ್ಲ. ಹಳದಿ, ಬಿಳಿ ತಿರುಳಿನ ಹಣ್ಣುಗಳೇ ಹಸಿರಿಗೆ ಹೊಂದುವುದು. ಸೌತೆಕಾಯಿ ಹಾಕುವವರು ತುದಿಯ ಚೂರನ್ನು ಕಚ್ಚಿ ನೋಡಿಯೇ ಹಾಕಿ. ಕಹಿ ಇದ್ದರೆ ಪೂರ್ತಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಅನ್ನುವ ವಸ್ತುವಿನದು, ಹೊಟ್ಟೆಯನ್ನು ಕೆಡಿಸುತ್ತದೆ. ಬೇರೆ ಹಣ್ಣಿನ ಸಿಹಿಯಲ್ಲಿ ಅದನ್ನು ಮುಚ್ಚಿ ಕುಡಿಯಲು ಹೋಗಬೇಡಿ.

ಜ್ಯೂಸ್ ಮಾಡಿ ಸೋಸಿ ಕುಡಿದರೆ ಆಗದಾ ಅಂತ ಕೇಳುವವರಿದ್ದಾರೆ. ನಾನು ಸೋಸಬೇಡಿ ಅಂತಲೇ ಹೇಳುತ್ತೇನೆ. ಜರಡಿಯಲ್ಲಿ ಉಳಿದು ಕಸದ ಬುಟ್ಟಿಗೆ ಹೋಗುವುದು ನಾರು. ಹೊಟ್ಟೆ ತುಂಬಿದ ಹಾಗೆ ಅನಿಸುವುದು, ಮಲ ಸರಾಗವಾಗುವುದು, ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುವುದು, ಎಲ್ಲಕ್ಕೂ ಅದು ಬೇಕು. ವಿಶ್ವ ಆರೋಗ್ಯ ಸಂಸ್ಥೆ ಜೇನನ್ನೂ ಹಣ್ಣಿನ ರಸವನ್ನೂ ಕಡಿಮೆ ಮಾಡಬೇಕಾದ ಸಕ್ಕರೆಯ ಪಟ್ಟಿಗೇ ಸೇರಿಸಿದೆ. ದಿನಕ್ಕೆ 400 ಗ್ರಾಂ ಹಣ್ಣು ತರಕಾರಿ ತಿನ್ನಿ ಅಂತಲೂ ಅದೇ ಸಂಸ್ಥೆ ಹೇಳುತ್ತದೆ. ನಮ್ಮ ಲೋಟ ಅದರಲ್ಲಿ ಒಂದು ಪಾಲು, ಅಷ್ಟೇ. ಉಳಿದದ್ದನ್ನು ಹಲ್ಲಿನಲ್ಲಿ ಅಗಿದೇ ತಿನ್ನಬೇಕು. ಹಾಗೇ ನಾಲ್ಕು ಹಣ್ಣು ತುಂಬಿ ದೊಡ್ಡ ಲೋಟ ಮಾಡಬೇಡಿ. ಅಷ್ಟು ಹಣ್ಣನ್ನು ಕೂತು ತಿನ್ನಲು ನಮಗೆ ಆಗುವುದಿಲ್ಲ, ಕುಡಿಯುವಾಗ ಮಾತ್ರ ಗೊತ್ತೇ ಆಗದೆ ಒಳಗೆ ಹೋಗುತ್ತದೆ. ನೀರಿನ ಹಾಗೆ ಗಟಗಟ ಕುಡಿಯದೆ ಗುಟುಕು ಗುಟುಕಾಗಿ ಕುಡಿಯಿರಿ.

ಕೆಲವರು ಡಾಕ್ಟರ ಹತ್ತಿರ ಮಾತಾಡಿಯೇ ಶುರು ಮಾಡಬೇಕು. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸೊಪ್ಪಿನ ಕೆ ಜೀವಸತ್ವ ಆ ಮಾತ್ರೆಯ ಕೆಲಸಕ್ಕೆ ಎದುರಾಗುತ್ತದೆ. ಒಂದು ದಿನ ಬಹಳ, ಇನ್ನೊಂದು ದಿನ ಇಲ್ಲವೇ ಇಲ್ಲ ಅಂತ ಆದರೆ ಅಪಾಯ. ಕಿಡ್ನಿಯಲ್ಲಿ ಕಲ್ಲಾದವರಿಗೆ ಪಾಲಕ್‌ನಲ್ಲಿರುವ, ಕಲ್ಲು ಕಟ್ಟಲು ಕಾರಣವಾಗುವ ಆಕ್ಸಲೇಟ್ ಅನ್ನುವ ವಸ್ತು ಒಳ್ಳೆಯದಲ್ಲ. ಕಿಡ್ನಿಯ ಶಕ್ತಿಯೇ ಕುಂದಿದವರಿಗೆ ಬಾಳೆಹಣ್ಣಿನ ಪೊಟ್ಯಾಸಿಯಂ ಹೆಚ್ಚಾಗಬಹುದು. ಸಕ್ಕರೆ ಕಾಯಿಲೆ ಇರುವವರು ಹಣ್ಣು ಎಷ್ಟು ಅಂತ ಕೇಳಿಕೊಳ್ಳಲೇಬೇಕು. ಉಳಿದವರೂ ದಿನವೂ ಪಾಲಕ್ ಒಂದನ್ನೇ ಹಿಡಿದುಕೊಳ್ಳಬೇಡಿ. ಒಂದು ದಿನ ಲೆಟ್ಯೂಸ್, ಇನ್ನೊಂದು ದಿನ ಎಲೆಕೋಸಿನ ಎಳೆಯ ಎಲೆ, ಸ್ವಲ್ಪ ಪುದೀನ, ಹೀಗೆ ಬದಲಿಸಿ. ಪಾಲಕ್ ಹಾಕಿದ ದಿನ ಮೊಸರು ಸೇರಿಸಿದರೆ ಒಳ್ಳೆಯದು, ಅದರ ಕ್ಯಾಲ್ಸಿಯಂ ಆಕ್ಸಲೇಟನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ.

ಬಾಟಲಿಯಲ್ಲಿ ತೆಗೆದುಕೊಂಡು ಹೋಗುವವರು ಕುತ್ತಿಗೆಯವರೆಗೂ ತುಂಬಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಬಣ್ಣ ಮಂಕಾಗುವುದು ಕಡಿಮೆ. ತಂಪಾಗಿಟ್ಟು ಅದೇ ದಿನ ಮುಗಿಸಿ. ನೀರು ಬೇರೆ ತಿರುಳು ಬೇರೆಯಾಗಿ ನಿಂತಿದ್ದರೆ ಕೆಟ್ಟಿದೆ ಅಂತಲ್ಲ, ಅಲ್ಲಾಡಿಸಿ ಕುಡಿಯಿರಿ.

ಜಾರನ್ನು ಮಾತ್ರ ಸಂಜೆಗೆ ಬಿಡಬೇಡಿ. ಒಣಗಿದ ಸೊಪ್ಪು ಬ್ಲೇಡಿನ ಬುಡದಲ್ಲಿ ಅಂಟು ಹಾಕಿದ ಹಾಗೆ ಕೂರುತ್ತದೆ. ಸ್ಮೂಥಿ ಬಗ್ಗಿಸಿದ ಕೂಡಲೇ ಅರ್ಧ ಜಾರು ನೀರು ಹಾಕಿ ಹತ್ತು ಸೆಕೆಂಡ್ ತಿರುಗಿಸಿ ಚೆಲ್ಲಿ. ಉಳಿದದ್ದು ಸಂಜೆ ಒಂದು ಕೈಯಲ್ಲಿ ಹೋಗುತ್ತದೆ.

ನಿಮ್ಮ ಅಡುಗೆಮನೆಯಲ್ಲಿ ಈಗ ಚುಕ್ಕಿ ಬಿದ್ದ ಬಾಳೆಹಣ್ಣು ಇದ್ದರೆ, ಮಲಗುವ ಮುಂಚೆ ಸುಲಿದು ಬಿಲ್ಲೆ ಮಾಡಿ ಫ್ರೀಜರಿಗೆ ಹಾಕಿಡಿ. ನಾಳೆ ಬೆಳಿಗ್ಗೆ ಮೊದಲ ಲೋಟ ಅದರದ್ದೇ ಆಗಲಿ. ನಮಸ್ಕಾರ.