ಇಂಜಿನ್ ಆಮೇಲೆ, ಮೊದ್ಲು ಹಲ್ಲು ಎಣಿಸಿ

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ. ಹಳೇ ಪೆಟ್ರೋಲ್ ಜೀಪಿಗೆ ಯಾವ ಡೀಸೆಲ್ ಇಂಜಿನ್ ಕೂರಿಸ್ಬೇಕು ಅಂತ ಮಾತಾಡಿ ಅಂದಿದಾರೆ, ಆದ್ರೆ ಇಲ್ಲಿರೋರಲ್ಲಿ ಅರ್ಧ ಜನ ಆಗ್ಲೇ ಒಂದು ಇಂಜಿನ್ ಗುಜರಿಯಿಂದ ತಂದು ಶೆಡ್ಡಲ್ಲಿ ಟಾರ್ಪಾಲ್ ಹೊದಿಸಿ ಇಟ್ಟಿದೀರಿ, ನಂಗೊತ್ತು. ಅದಕ್ಕೇ ನನ್ನ ತಕರಾರು. ಇಂಜಿನ್ ಆಮೇಲೆ ಸ್ವಾಮಿ, ಮೊದ್ಲು ಆಕ್ಸಲ್ ಒಳಗಿನ ಗೇರಿನ ಹಲ್ಲು ಎಣಿಸಿ.

ಹಳೇ ಜೀಪಿನ ಮಾಡೆಲ್ ಸಿಜೆ-3ಬಿ ತಗೊಳ್ಳಿ. ಆಕ್ಸಲ್ ಒಳಗಿನ ದೊಡ್ಡ ಗೇರು ಕ್ರೌನಿಗೆ 43 ಹಲ್ಲು, ಅದನ್ನ ತಿರುಗಿಸೋ ಚಿಕ್ಕ ಗೇರು ಪಿನಿಯನ್ನಿಗೆ 8, ಭಾಗಿಸಿದ್ರೆ 5.38. ಅಂದ್ರೆ ಚಕ್ರ ಒಂದು ಸುತ್ತು ಸುತ್ತೋಕೆ ಗೇರ್‌ಬಾಕ್ಸಿಂದ ಬರೋ ಶಾಫ್ಟ್ 5.38 ಸುತ್ತು ಸುತ್ಬೇಕು. 6.00-16 ಟೈರು ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತೆ, ಟಾಪ್ ಗೇರ್ ಒಂದಕ್ಕೊಂದು, ಇಂಜಿನ್ ಸುತ್ತಿದಷ್ಟೇ ಶಾಫ್ಟ್ ಸುತ್ತುತ್ತೆ. ಅಂದ್ರೆ 60 ಕಿಲೋಮೀಟರ್ ಸ್ಪೀಡಿಗೇ ಇಂಜಿನ್ 2450 ಆರ್‌ಪಿಎಂ ಹತ್ರ. ಹರಿಕೇನ್ ಪೆಟ್ರೋಲ್ ಇಂಜಿನ್ 4000 ತನಕ ತಿರುಗೋದು, ಅದಕ್ಕೇನೂ ಅನ್ಸಲ್ಲ. ಅಲ್ಲಿಗೆ 3000ಕ್ಕೇ ಗವರ್ನರ್, ಅಂದ್ರೆ ಸ್ಪೀಡ್ ಮಿತಿ ಹಾಕೋ ಭಾಗ, ತಡೆಯೋ ನಿಧಾನದ ಡೀಸೆಲ್ ಕೂರಿಸಿ, 73 ಕಿಲೋಮೀಟರಿಗೆ ಕಥೆ ಮುಗೀತು. ಹಿಂದೆ ಕೆಎಸ್ಸಾರ್ಟಿಸಿ ಬಸ್ಸು ಹಾರ್ನ್ ಹೊಡೀತಾನೇ ಇರುತ್ತೆ.

ಆಗ ಮೆಕ್ಯಾನಿಕ್ ಹೇಳ್ತಾನೆ, ಸಾರ್ 4.27 ಕ್ರೌನ್ ಪಿನಿಯನ್ ಹಾಕ್ಬಿಡೋಣ ಅಂತ. ಹಾಕಿದ್ರೆ 92 ಹೋಗುತ್ತೆ ನಿಜ. ಆದ್ರೆ ಈ ಜೀಪಿನ ಟಿ-90 ಡಬ್ಬ, ಅಂದ್ರೆ ಗೇರ್‌ಬಾಕ್ಸಿನ, ಫಸ್ಟ್ ಗೇರ್ 2.80, ಏರಿಗೆ ಹಾಕೋ ನಿಧಾನದ ಲೋ ರೇಂಜ್ 2.46, ಆಕ್ಸಲ್ 5.38, ಮೂರನ್ನೂ ಗುಣಿಸಿದ್ರೆ ಎಳೆಯೋ ಬಲ 37 ಪಟ್ಟು ಇದ್ದಿದ್ದು ಆಕ್ಸಲ್ 4.27 ಆದ್ರೆ 29ಕ್ಕೆ ಇಳಿಯುತ್ತೆ, ತೋಟದ ಏರಲ್ಲಿ ಗೊಬ್ಬರದ ಟ್ರೈಲರ್ ಕಟ್ಕೊಂಡು ಹತ್ತುವಾಗ ಕ್ಲಚ್ ವಾಸ್ನೆ ಗ್ಯಾರಂಟಿ.

ಮೂಡಿಗೆರೆ ಕಡೆ ಒಬ್ಬರು, ಹೆಸರು ಬೇಡ, ಹಿಂದಿನ ಆಕ್ಸಲ್ ಮಾತ್ರ 4.27 ಮಾಡಿಸಿದ್ರು, ಮುಂದಿನದು ಖರ್ಚು ಯಾಕೆ ಅಂತ ಹಾಗೇ ಬಿಟ್ರು. ಬೇಸಿಗೆ ಪೂರ್ತಿ ಏನೂ ಇಲ್ಲ, ಟೂ ವೀಲಲ್ಲೇ ಓಡಾಡ್ಕೊಂಡು ಎಲ್ರಿಗೂ ಇಂಜಿನ್ ತೋರ್ಸಿದ್ರು, ನಂಗೂ ತೋರ್ಸಿದ್ರು, ಕಾಫಿ ಕೊಟ್ರು. ಮಳೆ ಹಿಡೀತು, ಫೋರ್ ವೀಲ್ ಹಾಕಿದ್ರು. ಮುಂದಿನ ಚಕ್ರ 100 ಮೀಟರ್ ಹೋಗೋವಷ್ಟರಲ್ಲಿ ಹಿಂದಿನದು 126 ಹೋಗ್ತೀನಿ ಅನ್ನುತ್ತೆ, ಎಲ್ಲಿಗೆ ಹೋಗೋದು? ಕೆಸರಲ್ಲಿ ಟೈರು ಜಾರ್ಕೊಂಡು ಹೆಂಗೋ ನಡೀತು, ಟಾರ್ ರೋಡಿಗೆ ಬಂದಾಗ ಜೀಪು ಬ್ರೇಕ್ ಹಿಡಿದಂಗೆ ಒದ್ದಾಡ್ತು, ಫೋರ್ ವೀಲ್ ಲಿವರ್ ಎಳೆದ್ರೆ ಬರ್ತಿಲ್ಲ, ಇಬ್ರು ಸೇರಿ ಎಳೆದ್ರೂ ಇಲ್ಲ. ಕೊನೆಗೆ ಸ್ವಲ್ಪ ರಿವರ್ಸ್ ತಗೊಂಡಾಗ ಶಾಫ್ಟಿನ ಬಿಗಿ ಸಡಿಲಾಗಿ ಟಕ್ ಅಂತ ಬಿಡ್ತು. ಅವರು ಬೈದಿದ್ದು ಯಾರನ್ನ? ಇಂಜಿನ್ನನ್ನ! ಡೀಸೆಲ್ ಎಳೀತಾನೇ ಇಲ್ಲ ಅಂತ. ಹಲ್ಲು ಎಣಿಸಿದ್ರೆ ಗೊತ್ತಾಗ್ತಿತ್ತಲ್ಲ.

ಎಣಿಸೋಕೆ ಬಿಚ್ಚೋದೇನೂ ಬೇಡ. ನ್ಯೂಟ್ರಲ್ ಮಾಡಿ, ಉಳಿದ ಚಕ್ರಕ್ಕೆ ಕಲ್ಲು ಕೊಟ್ಟು ಒಂದೇ ಚಕ್ರ ಜಾಕಲ್ಲಿ ಎತ್ತಿ, ಶಾಫ್ಟಿಗೂ ಟೈರಿಗೂ ಸೀಮೆಸುಣ್ಣದ ಗುರುತು ಹಾಕಿ, ಎತ್ತಿದ ಚಕ್ರ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತಿತೋ ಅದೇ ರೇಶಿಯೋ. ಮುಂದಿನದೂ ನೋಡಿ, ದಯವಿಟ್ಟು.

ನನ್ನ ಪ್ರಕಾರ 5.38 ಮುಟ್ಬೇಡಿ, ಐದು ಗೇರಿನ ಡಬ್ಬ ಹುಡುಕಿ. ಫಸ್ಟ್ 4ರ ಹತ್ರ, ಫಿಫ್ತ್ 0.8 ಇರೋದು ಸಿಕ್ರೆ ಟಾಪಲ್ಲಿ ಒಟ್ಟು 4.3 ಆಗುತ್ತೆ, ಕ್ರೌನ್ ಬದಲಾಯಿಸಿದಷ್ಟೇ ಸ್ಪೀಡು, ಲೋ ರೇಂಜಿನ ಫಸ್ಟಲ್ಲಿ 37ರ ಬದಲು 53. ಇನ್ನೊಂದು, ಟಿ-90ಯಲ್ಲಿ 3000ಕ್ಕೆ ಫಸ್ಟಿಂದ ಸೆಕೆಂಡಿಗೆ ಹಾಕಿದ್ರೆ ಇಂಜಿನ್ 1660ಕ್ಕೆ ಬೀಳುತ್ತೆ, ಶಿರಾಡಿ ಏರಲ್ಲಿ ಲೋಡ್ ಇದ್ದಾಗ ಅಲ್ಲಿಂದ ಎದ್ದು ಬರೋದು ಕಷ್ಟ. ಗೇರ್ ಹತ್ತಿರ ಹತ್ತಿರ ಇದ್ದಷ್ಟೂ ಡೀಸೆಲ್‌ಗೆ ಒಳ್ಳೇದು. ಆದ್ರೆ ಫಿಫ್ತಲ್ಲಿ ಲೋಡ್ ಎಳೀಬೇಡಿ, ಫೋರ್ತ್ ನೇರ, ಅಂದ್ರೆ ಒಂದಕ್ಕೊಂದು, ಇದ್ರೆ ಶಕ್ತಿ ಡಬ್ಬದ ಒಳಗಿನ ಪಕ್ಕದ ಶಾಫ್ಟ್, ಲೇಶಾಫ್ಟ್, ಮೇಲೆ ಹೋಗಲ್ಲ, ಫಿಫ್ತಲ್ಲಿ ಹೋಗುತ್ತೆ.

ಚೀಟಿ ಬಂತು, ಊಟ ರೆಡಿಯಂತೆ. ಬೇಗ ಹೇಳ್ತೀನಿ. ಐದು ಗೇರಿನ ಡಬ್ಬ ಉದ್ದ, 80 ಇಂಚು ವೀಲ್‌ಬೇಸಲ್ಲಿ ಹಿಂದಿನ ಶಾಫ್ಟ್ ಗಿಡ್ಡ ಆಗಿ ಕೋನ ಜಾಸ್ತಿ ಆಗುತ್ತೆ, ಅಳತೆ ತಗೊಂಡೇ ದುಡ್ಡು ಕೊಡಿ. ಇಂಜಿನ್ನಿಗೂ ಡಬ್ಬಕ್ಕೂ ಮಧ್ಯೆ ಹಾಕೋ ಅಡಾಪ್ಟರ್ ಪ್ಲೇಟ್ ಸೆಂಟರ್ ತಪ್ಪಿದ್ರೆ ಇನ್‌ಪುಟ್ ಬೇರಿಂಗ್ ಹೋಗುತ್ತೆ. ಕ್ಲಚ್ ಪ್ಲೇಟಲ್ಲಿ ಸ್ಪ್ರಿಂಗ್ ಇರ್ಲಿ, ಡೀಸೆಲ್ ನಡುಕ ಹಲ್ಲನ್ನ ತಿನ್ನುತ್ತೆ. ಆರ್‌ಟಿಒ ಪರ್ಮಿಶನ್ ಮೊದ್ಲೇ, ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಓದ್ಕೊಳ್ಳಿ, ಆರ್‌ಸೀಲಿ ಪೆಟ್ರೋಲ್ ಅಂತಿದ್ದು ಬಾನೆಟ್ ಕೆಳಗೆ ಡೀಸೆಲ್ ಇದ್ರೆ ಇನ್ಶೂರೆನ್ಸಿನವರು ಸುಮ್ನೆ ಬಿಡಲ್ಲ. ಉಳಿದಿದ್ದು ಊಟದ ಹತ್ರ ಕೇಳಿ, ಟೈರ್ ಸೈಜು ಹೇಳ್ದೇ ಪ್ರಶ್ನೆ ಕೇಳಿದೋರಿಗೆ ಮಾತ್ರ ನಾನು ಉತ್ತರ ಕೊಡಲ್ಲ.