ಬೈಸರನ್‌ನಲ್ಲಿ ಕಾವಲು ಯಾಕಿರಲಿಲ್ಲ?

ನಮಸ್ಕಾರ. ಇವತ್ತು ಕಾಶ್ಮೀರದ ಪಹಲ್ಗಾಮ್‌ನಲ್ಲಿ ಉಗ್ರರು ಪ್ರವಾಸಿಗರ ಮೇಲೆ ಮಾಡಿದ ದಾಳಿಯ ಬಗ್ಗೆ ಮಾತಾಡಬೇಕು. ದಾಳಿ ಆದ ಮೇಲೆ ಟಿವಿಯಲ್ಲಿ, ಮೊಬೈಲಿನಲ್ಲಿ ಗಂಟೆಗಟ್ಟಲೆ ಚರ್ಚೆ ನೋಡಿದ್ದೀರಿ. ಅಷ್ಟೆಲ್ಲಾ ಗದ್ದಲದ ನಡುವೆ ನನ್ನ ತಲೆಯಿಂದ ಹೋಗದೇ ಇರುವುದು ಒಂದೇ ಪ್ರಶ್ನೆ. 2025ರ ಏಪ್ರಿಲ್ 22ರ ಮಧ್ಯಾಹ್ನ, ಪ್ರವಾಸಿಗರು ಅಷ್ಟೊಂದು ಸೇರಿದ್ದ ಬೈಸರನ್ ಹುಲ್ಲುಗಾವಲಿನಲ್ಲಿ ಕಾವಲು ಯಾಕಿರಲಿಲ್ಲ?

ಜಾಗ ಹೇಗಿದೆ ಅಂತ ಮೊದಲು ಹೇಳುತ್ತೇನೆ. ಪಹಲ್ಗಾಮ್ ಪೇಟೆಯಿಂದ ಐದಾರು ಕಿಲೋಮೀಟರ್ ಮೇಲೆ ಹತ್ತಬೇಕು. ಕಾರು ಹೋಗುವುದಿಲ್ಲ. ನಡೆಯಬೇಕು, ಇಲ್ಲವೇ ಕುದುರೆ ಏರಬೇಕು. ಸುತ್ತಲೂ ಕಾಡು, ನಡುವೆ ಬಯಲು. ಗುಂಡು ಹಾರಿದರೆ ಮರೆಗೆ ಏನೂ ಇಲ್ಲ. ಕೆಳಗಿನಿಂದ ಸಹಾಯ ಬರಬೇಕಾದರೂ ಅದೇ ಏರುದಾರಿ. ಇಂಥ ಜಾಗಕ್ಕೆ ಹೆಂಡತಿ ಮಕ್ಕಳ ಜೊತೆ ಹೋದವರನ್ನು ಧರ್ಮ ಕೇಳಿ ಕೊಂದರು. ಸತ್ತವರು 26 ಜನ. ನಮ್ಮ ಶಿವಮೊಗ್ಗದವರು, ಬೆಂಗಳೂರಿನವರೂ ಅದರಲ್ಲಿದ್ದರು. ಪ್ರವಾಸಿಗರನ್ನು ಕುದುರೆ ಮೇಲೆ ಕರೆದೊಯ್ದು ಮನೆ ನಡೆಸುತ್ತಿದ್ದ ಒಬ್ಬ ಸ್ಥಳೀಯ ಯುವಕನೂ ಇದ್ದ. ಗಾಯಗೊಂಡವರನ್ನು ಹೆಗಲ ಮೇಲೆ, ಕುದುರೆ ಮೇಲೆ ಕೆಳಗೆ ತಂದವರೂ ಅಲ್ಲಿನ ಕುದುರೆಯವರೇ.

ದೇಶಕ್ಕೆ ಸಿಟ್ಟು ಬಂತು. ಬರಲೇಬೇಕಿತ್ತು. ಗಂಡನ ಹೆಣದ ಪಕ್ಕ ಕೂತ ಹೆಣ್ಣುಮಗಳ ಫೋಟೋ ನೋಡಿ ಸಿಟ್ಟು ಬಾರದಿದ್ದರೆ ಹೇಗೆ? ಆದರೆ ಆ ಸಿಟ್ಟಿನಲ್ಲಿ ಎಷ್ಟು ಪಾಲು ಯಾರ ಮೇಲೆ ಹೋಯಿತು ಅಂತ ನೆನಪು ಮಾಡಿಕೊಳ್ಳಿ. ಉತ್ತರಾಖಂಡ, ಪಂಜಾಬ್ ಕಡೆ ಓದಲು ಬಂದಿದ್ದ ಕಾಶ್ಮೀರಿ ಹುಡುಗರ ಮೇಲೆ. ದಾಳಿಯ ಮರುದಿನವೇ ಕಾಶ್ಮೀರ ಕಣಿವೆ ಪೂರ್ತಿ ಬಂದ್ ಆಗಿತ್ತು. ಅಲ್ಲಿನ ಪತ್ರಿಕೆಗಳು ಮುಖಪುಟವನ್ನು ಕಪ್ಪಾಗಿಸಿ ಅಚ್ಚು ಹಾಕಿದ್ದವು. ಜನ ಮೇಣದಬತ್ತಿ ಹಿಡಿದು ಬೀದಿಗೆ ಬಂದಿದ್ದರು. ಅದು ಯಾವುದೂ ಲೆಕ್ಕಕ್ಕೆ ಬರಲಿಲ್ಲ.

ಇನ್ನೊಂದು ಇದೆ. ಇದನ್ನು ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ಗಂಡನನ್ನು ಅಲ್ಲಿ ಕಳೆದುಕೊಂಡ ನೌಕಾಪಡೆ ಅಧಿಕಾರಿಯ ಹೆಂಡತಿ ಹೇಳಿದ್ದು ಇಷ್ಟೇ: ಮುಸ್ಲಿಮರ ಮೇಲೆ, ಕಾಶ್ಮೀರಿಗಳ ಮೇಲೆ ಹಗೆ ಬೇಡ, ಶಾಂತಿ ಬೇಕು, ನ್ಯಾಯ ಬೇಕು. ಅವರನ್ನೇ ಬಾಯಿಗೆ ಬಂದಂತೆ ಬೈದರು. ಆಕೆಯ ಪರವಾಗಿ ರಾಷ್ಟ್ರೀಯ ಮಹಿಳಾ ಆಯೋಗ ಹೇಳಿಕೆ ಕೊಡಬೇಕಾಯಿತು. ದಾಳಿಯ ನಂತರ ಪಾಕಿಸ್ತಾನದ ಜೊತೆ ನಡೆದ ಕದನ ಮೇ 10ರಂದು ನಿಂತಾಗ, ಅದನ್ನು ಘೋಷಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರನ್ನೂ ಬಿಡಲಿಲ್ಲ, ಅವರ ಮನೆಯವರನ್ನೂ ಬಿಡಲಿಲ್ಲ. ಕೈಗೆ ಸಿಕ್ಕವರ ಮೇಲೆ ಹೀಗೆ ಬಿದ್ದದ್ದರಿಂದ ಬೈಸರನ್‌ನ ಭದ್ರತೆ ನೋಡಿಕೊಳ್ಳಬೇಕಾದವರಿಗೆ ಏನು ಬಿಸಿ ತಟ್ಟಿತು? ಏನೂ ಇಲ್ಲ.

ಕಾವಲು ಯಾಕಿರಲಿಲ್ಲ ಅಂತ ಕೇಳಿದವರೂ ಇದ್ದರು. ಅವರಿಗೆ ಸಿಕ್ಕ ಉತ್ತರ, ‘ಇದು ಪ್ರಶ್ನೆ ಕೇಳುವ ಹೊತ್ತಲ್ಲ.’ ಹಾಗಾದರೆ ಯಾವುದು ಹೊತ್ತು? ಜಮ್ಮು ಕಾಶ್ಮೀರದಲ್ಲಿ ಪೊಲೀಸ್ ಇಲಾಖೆ ಕೇಂದ್ರದ ಕೈಯಲ್ಲಿದೆ, ಲೆಫ್ಟಿನೆಂಟ್ ಗವರ್ನರ್ ಮೂಲಕ. ಆ ಸ್ಥಾನದಲ್ಲಿದ್ದ ಮನೋಜ್ ಸಿನ್ಹಾ, ಇದು ಭದ್ರತಾ ವೈಫಲ್ಯ, ಹೊಣೆ ನನ್ನದು ಅಂತ ಬಾಯಿಬಿಟ್ಟು ಹೇಳಿದ್ದು ಜುಲೈನಲ್ಲಿ, ಒಂದು ಪತ್ರಿಕಾ ಸಂದರ್ಶನದಲ್ಲಿ. ಪ್ರವಾಸಿಗರ ತಂಟೆಗೆ ಉಗ್ರರು ಬರುವುದಿಲ್ಲ ಎಂಬ ನಂಬಿಕೆ ಇತ್ತು ಅಂತಲೂ ಹೇಳಿದರು. ಹೊಣೆ ಒಪ್ಪಿಕೊಂಡದ್ದು ದೊಡ್ಡದೇ. ಆದರೆ ಆ ನಂಬಿಕೆ ಯಾರದು? ಯಾವ ಕಡತದಲ್ಲಿತ್ತು? ಯಾರು ಸಹಿ ಹಾಕಿದ್ದರು? ಮಾತು ಅಲ್ಲಿಗೇ ನಿಂತುಹೋಯಿತು.

2008ರ ಮುಂಬೈ ದಾಳಿ ನೆನಪಿಸಿಕೊಳ್ಳಿ. ಹತ್ತು ಜನ ಉಗ್ರರು, 166 ಸಾವು. ದಾಳಿಯಾಗಿ ಒಂದು ವಾರಕ್ಕೆ, ಡಿಸೆಂಬರ್ 3ರಂದು, ಸಾವಿರಾರು ಜನ ಗೇಟ್‌ವೇ ಆಫ್ ಇಂಡಿಯಾ ಮುಂದೆ ಸೇರಿದರು. ಪಾಕಿಸ್ತಾನದ ಮೇಲಿದ್ದಷ್ಟೇ ಸಿಟ್ಟು ನಮ್ಮ ಸರ್ಕಾರದ ಮೇಲೂ ಇತ್ತು. ಉಗ್ರರನ್ನು ಎದುರಿಸುವ ಕೇಂದ್ರದ ಪಡೆ ಎನ್‌ಎಸ್‌ಜಿಯ ಕಮಾಂಡೋಗಳು ಬರಲು ಬೆಳಗಾಗಬೇಕಾಯಿತು, ಯಾಕೆ ಅಂತ ಕೇಳಿದರು. ಸಮುದ್ರದಲ್ಲಿ ಮೀನುಗಾರಿಕಾ ದೋಣಿ ಹಿಡಿದುಕೊಂಡು ಮುಂಬೈವರೆಗೆ ಬಂದರೂ ಯಾರ ಕಣ್ಣಿಗೂ ಬೀಳಲಿಲ್ಲವೇ ಅಂತ ಕೇಳಿದರು. ಯಾರೂ ಅವರನ್ನು ದೇಶದ್ರೋಹಿಗಳು ಅನ್ನಲಿಲ್ಲ.

ಕೇಂದ್ರ ಗೃಹ ಸಚಿವ ಶಿವರಾಜ್ ಪಾಟೀಲ್ ರಾಜೀನಾಮೆ ಕೊಟ್ಟರು. ಮಹಾರಾಷ್ಟ್ರದ ಗೃಹ ಸಚಿವರು ಹೋದರು, ಮುಖ್ಯಮಂತ್ರಿಯೂ ಹೋದರು. ಕುರ್ಚಿ ಬದಲಾದ ಮಾತ್ರಕ್ಕೆ ಯಾರ ಜೀವವೂ ಉಳಿಯಲ್ಲ, ಸರಿ. ಆದರೆ ಅದೇ ಒತ್ತಡದಲ್ಲಿ ಒಂದಿಷ್ಟು ಗಟ್ಟಿ ಕೆಲಸವೂ ಆಯಿತು. ಡಿಸೆಂಬರ್ ಮುಗಿಯುವುದರೊಳಗೆ ಉಗ್ರರ ಪ್ರಕರಣಗಳ ತನಿಖೆಗೆ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಕಾನೂನು ಬಂತು. ಮುಂಬೈ, ಚೆನ್ನೈ, ಹೈದರಾಬಾದ್, ಕೋಲ್ಕತ್ತದಲ್ಲಿ ಎನ್‌ಎಸ್‌ಜಿ ನೆಲೆಗಳಾದವು. ಮಹಾರಾಷ್ಟ್ರ ಸರ್ಕಾರ ನೇಮಿಸಿದ ಪ್ರಧಾನ್ ಸಮಿತಿ ಪೊಲೀಸರ ಕುಂದುಕೊರತೆ ಹುಡುಕಿ ವರದಿ ಕೊಟ್ಟಿತು. ಅದು ವಿಧಾನಸಭೆಯ ಮುಂದೆಯೂ ಬಂತು. ನಮ್ಮ ಮಲ್ಪೆ, ಮಂಗಳೂರು, ಕಾರವಾರದ ಮೀನುಗಾರರನ್ನು ಕೇಳಿ ನೋಡಿ. ಬಯೋಮೆಟ್ರಿಕ್ ಗುರುತಿನ ಚೀಟಿ, ಕಡಲಲ್ಲಿ ಜಾಸ್ತಿಯಾದ ತಪಾಸಣೆ, ಇದೆಲ್ಲ ಯಾವಾಗಿನಿಂದ ಅಂತ ಅವರೇ ಹೇಳುತ್ತಾರೆ. ಎಲ್ಲವೂ ಸರಿಯಾಗಿ ನಡೆಯುತ್ತಿದೆ ಅಂತ ನಾನು ಹೇಳಲ್ಲ. ಆದರೆ ತೂತು ಎಲ್ಲಿದೆ ಅಂತ ಒಪ್ಪಿಕೊಂಡಿದ್ದಕ್ಕೇ ತಾನೇ ಮುಚ್ಚಲು ಹೊರಟಿದ್ದು?

ಪಹಲ್ಗಾಮ್ ನಂತರ ಸೇನೆ ತನ್ನ ಕೆಲಸ ಮಾಡಿತು. ಮೇ 7ರಂದು ಗಡಿಯಾಚೆಯ ಉಗ್ರರ ನೆಲೆಗಳ ಮೇಲೆ ಆಪರೇಷನ್ ಸಿಂಧೂರ ನಡೆಯಿತು. ಜುಲೈ 28ರಂದು ಶ್ರೀನಗರದ ಹತ್ತಿರದ ಕಾಡಿನಲ್ಲಿ ಮೂವರು ಉಗ್ರರು ಸತ್ತರು, ದಾಳಿ ಮಾಡಿದವರು ಇವರೇ ಅಂತ ಗೃಹ ಸಚಿವ ಅಮಿತ್ ಶಾ ಸಂಸತ್ತಿನಲ್ಲಿ ಹೇಳಿದರು. ಕೊಂದವರಿಗೆ ಶಿಕ್ಷೆ ಆಯಿತು. ಕಾಯಬೇಕಾಗಿದ್ದವರು ಯಾಕೆ ಕಾಯಲಿಲ್ಲ ಅನ್ನುವುದು ಬೇರೆಯೇ ಲೆಕ್ಕ, ಅಲ್ವಾ?

ದಾಳಿಯಾದ ವಾರದಲ್ಲಿ ಕಾಶ್ಮೀರದ 87 ಪ್ರವಾಸಿ ತಾಣಗಳಲ್ಲಿ 48ನ್ನು ಮುಚ್ಚಿದರು. ಆಮೇಲೆ ಒಂದಷ್ಟನ್ನು ಹಂತ ಹಂತವಾಗಿ ತೆರೆದರು. ಮುಚ್ಚುವಾಗ ಏನು ಅಪಾಯ ಕಂಡಿತ್ತು? ತೆರೆಯುವಾಗ ಯಾವುದು ಬದಲಾಗಿತ್ತು? ಎಲ್ಲೆಲ್ಲಿ ಎಷ್ಟು ಪೊಲೀಸರು ಅಂತ ಯಾರೂ ಕೇಳುತ್ತಿಲ್ಲ, ಅದು ಗುಟ್ಟಾಗಿಯೇ ಇರಲಿ. ಆದರೆ ಜನ ಸೇರುವ ಜಾಗಕ್ಕೆ ಕಾವಲು ಬೇಕೋ ಬೇಡವೋ ಅಂತ ತೀರ್ಮಾನಿಸುವವರು ಯಾರು, ಅವರ ಲೆಕ್ಕ ತಪ್ಪಿದರೆ ಜವಾಬ್ದಾರಿ ಯಾರದು, ಇಷ್ಟು ಸಂಸತ್ತಿನ ಮುಂದೆ ಬರಲಿ. ನಿಮ್ಮ ಸಂಸದರು ಯಾವ ಪಕ್ಷದವರೇ ಆಗಿರಲಿ, ಅವರಿಗೆ ಒಂದು ಪತ್ರ ಬರೆಯಿರಿ. ಶಿವಮೊಗ್ಗದವರು, ಬೆಂಗಳೂರಿನವರು ಖಂಡಿತ ಬರೆಯಿರಿ. ಪತ್ರದಲ್ಲಿ ಜಾಸ್ತಿ ಏನೂ ಬೇಡ. ಬೈಸರನ್‌ನಲ್ಲಿ ಕಾವಲು ಬೇಡ ಅಂತ ತೀರ್ಮಾನಿಸಿದವರು ಯಾರು ಅಂತ ಕೇಳಿ, ಉತ್ತರ ಲಿಖಿತವಾಗಿ ಕೊಡಿ ಅನ್ನಿ.